ಮೇಸ್ತ್ರಿಯ ಮೂಗು

ಅಪ್ಪನ ಗ್ಯಾರೇಜಿನಲ್ಲಿ ಯಾವ ಕಾರು ಬಂದರೂ ಮೊದಲು ಬಾನೆಟ್ ಎತ್ತುವಂತಿರಲಿಲ್ಲ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂರಬೇಕು, ನಾಲ್ಕೂ ಕಿಟಕಿ ಏರಿಸಬೇಕು, ಕಣ್ಣು ಮುಚ್ಚಿ ಐದು ನಿಮಿಷ ಉಸಿರೆಳೆದುಕೊಳ್ಳಬೇಕು. ಅಷ್ಟು ಹೊತ್ತು ಕಾರಿನ ಮಾಲೀಕ ಹೊರಗೆ ಕೈಕಟ್ಟಿ ನಿಲ್ಲಬೇಕು, ನಾನು ಸ್ಪ್ಯಾನರ್ ಹಿಡಿದು ನಿಲ್ಲಬೇಕು. ಆಮೇಲೆ ಅಪ್ಪ ಇಳಿದು ಬಂದು, ಆಯಿಲ್ ಸೋರುತ್ತಿದೆ, ವೈರು ಸುಡುತ್ತಿದೆ, ಹಿಂದಿನ ಸೀಟಿನಡಿ ಬಾಳೆಹಣ್ಣು ಕೊಳೆತಿದೆ ಎಂದು ತೀರ್ಪು ಕೊಡುತ್ತಿದ್ದ. ತೀರ್ಪು ಸರಿಯಾಗಿಯೇ ಇರುತ್ತಿತ್ತು. ನನ್ನ ತಲೆನೋವು ಅದೇ.

ಸುತ್ತಮುತ್ತಲಿನವರಿಗೆಲ್ಲ ಅವನು ಮೂಗು ಮೇಸ್ತ್ರಿ. ಮನೆಯಲ್ಲೂ ಅದೇ ದರ್ಬಾರು. ಹಾಲು ಕೆಟ್ಟಿದೆಯೋ ಇಲ್ಲವೋ, ಗ್ಯಾಸ್ ಸೋರುತ್ತಿದೆಯೋ ಇಲ್ಲವೋ, ಒಣಗಿದ ಬಟ್ಟೆ ನಿಜವಾಗಿ ಒಣಗಿದೆಯೋ ಇಲ್ಲವೋ, ಎಲ್ಲಕ್ಕೂ ಅಪ್ಪನೇ ಬಂದು ಮೂಸಬೇಕು. ನಮ್ಮ ಬಳಗದಲ್ಲಿ ಬೇರೆ ಯಾರಿಗೂ ಸ್ವಂತ ಮೂಗಿರಲಿಲ್ಲ. ಇದ್ದವೆಲ್ಲ ಕನ್ನಡಕ ಕೂರಿಸುವುದಕ್ಕೆ.

ನಾನು ಈ ವಿದ್ಯೆಯನ್ನು ಕಾಲೇಜಿನಲ್ಲಿ ಓದಿ ಬಂದವಳು. ಆರು ವರ್ಷದಿಂದ ಗ್ಯಾರೇಜಿನಲ್ಲಿದ್ದೇನೆ. ಸ್ಕ್ಯಾನರ್ ತಂದೆ, ಪ್ರೆಶರ್ ನೋಡುವ ಕೈಪಂಪು ತಂದೆ. ಅಪ್ಪ ಅವನ್ನು ಆಟದ ಸಾಮಾನು ಎಂದು ಕರೆದು, ಶೆಲ್ಫಿನ ಕೆಳಗಿನ ಖಾನೆಯಲ್ಲಿ ಜಾಗ ಕೊಟ್ಟ. ಇವನು ಯಾವಾಗ ಮನೆಯಲ್ಲಿ ಕೂತು ಪೇಪರ್ ಓದುತ್ತಾನೋ, ನಾನು ಯಾವಾಗ ಧೈರ್ಯವಾಗಿ ಮೊದಲು ಬಾನೆಟ್ ಎತ್ತುತ್ತೇನೋ ಎಂದು ಕಾಯುತ್ತಿದ್ದೆ. ಮುಚ್ಚುಮರೆ ಏಕೆ, ದಿನಕ್ಕೆ ಎರಡು ಸಲವಾದರೂ ಹಾಗೆ ಅಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಮಾವನ ಕಾರು ಕುದಿಯತೊಡಗಿತು.

ಮಾವ ಎಂದರೆ ಅಮ್ಮನ ತಮ್ಮ. ಕನ್ನಡಕದ ಫ್ರೇಮುಗಳನ್ನು ಅಂಗಡಿ ಅಂಗಡಿಗೆ ಹಾಕುವುದು ಅವನ ಕೆಲಸ. ಮನುಷ್ಯ ಒಳ್ಳೆಯವನು, ಆದರೆ ಭಾವ ಹೇಳಿದರೆಂದರೆ ಹಗಲನ್ನೂ ರಾತ್ರಿ ಎನ್ನುವವನು. ಮೊದಲ ಸಲ ಬಂದಾಗ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು, ಎಂಜಿನ್ ತಣ್ಣಗಿಡುವ ಕೂಲಂಟಿನ ಡಬ್ಬಿ ಖಾಲಿಯಾಗಿತ್ತು. ಅಪ್ಪ ಕಾರೊಳಗೆ ಕೂತ, ಮೂಸಿದ, ಇಳಿದ. ಒಳಗೆ ಏನೂ ವಾಸನೆ ಇಲ್ಲ ಎಂದ. ಫ್ಯಾನು ತಿರುಗುತ್ತಿತ್ತು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿತ್ತು. ಹೊಸ ಮುಚ್ಚಳ ಹಾಕಿ, ಕೂಲಂಟ್ ತುಂಬಿ ಕಳಿಸಿದೆವು.

ವಾರಕ್ಕೆ ಮತ್ತೆ ಬಂತು. ಈ ಸಲ ಥರ್ಮೋಸ್ಟಾಟ್ ಬಿಚ್ಚಿ, ಪಾತ್ರೆಯ ನೀರಿಗೆ ಹಾಕಿ ಕುದಿಸಿ ನೋಡಿದೆವು. ಬಿಸಿಯಾದಾಗ ಬಾಯಿ ತೆರೆಯಬೇಕಾದ ಅದಕ್ಕೆ ತುಸು ಸೋಮಾರಿತನವಿತ್ತು. ಅದನ್ನೂ ಬದಲಾಯಿಸಿದೆವು. ಮಾವ ಖುಷಿಯಾಗಿ ಹೋದ. ಹತ್ತು ದಿನ ಬಿಟ್ಟು ಅದೇ ಕಾರು ಹಗ್ಗ ಕಟ್ಟಿಸಿಕೊಂಡು, ಇನ್ನೊಂದು ಕಾರಿನ ಹಿಂದೆ ತೆವಳಿಕೊಂಡು ಬಂತು.

ಆವತ್ತು ನಾನು ಹಟ ಹಿಡಿದು ನನ್ನ ಆಟದ ಸಾಮಾನನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ ಪಂಪು ಹೊಡೆದೆ. ಹತ್ತು ನಿಮಿಷದಲ್ಲಿ ಪಂಪಿನ ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಎಲ್ಲೋ ಸೋರುತ್ತಿದೆ ಎಂದಾಯಿತು. ಆದರೆ ನೆಲದ ಮೇಲೆ ಒಂದು ಹನಿ ಇಲ್ಲ, ಪೈಪುಗಳೆಲ್ಲ ಒಣಗಿ ಕೂತಿವೆ. ಹೊರಗೆ ಕಾಣದೆ ಸೋರಬೇಕಾದರೆ ಇರುವುದು ಎರಡೇ ದಾರಿ. ಒಂದು, ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಸುಟ್ಟು, ಕೂಲಂಟ್ ಎಂಜಿನ್ನಿನ ಹೊಟ್ಟೆ ಸೇರುವುದು. ಇನ್ನೊಂದು, ಚಳಿಯಲ್ಲಿ ಬಿಸಿಗಾಳಿ ಬರಲೆಂದು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿರುವ ಪುಟ್ಟ ಹೀಟರ್ ಕಾಯಿಲ್ ತೂತಾಗಿ ಕಾರಿನೊಳಗೇ ಸೋರುವುದು. ಕೂಲಂಟಿಗೆ ಒಂದು ಬಗೆಯ ಸಿಹಿ ವಾಸನೆ. ಒಳಗೆ ಸೋರಿದರೆ ಅದು ಗೊತ್ತಾಗದೆ ಇರುವುದಿಲ್ಲ.

ಅಪ್ಪ ಮತ್ತೆ ಕಾರೊಳಗೆ ಕೂತ. ಈ ಸಲ ಅರ್ಧ ಗಂಟೆ. ಇಳಿದು ಬಂದು, ಹೆಡ್ ಗ್ಯಾಸ್ಕೆಟ್ ಎಂದ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಗ್ಯಾಸ್ಕೆಟ್ ಸುಟ್ಟ ಗುರುತೇ ಇಲ್ಲ, ಎಂಜಿನ್ ತಲೆ ಬಿಚ್ಚುವ ಮೊದಲು ಇನ್ನೊಮ್ಮೆ ನೋಡೋಣ ಎಂದೆ. ಮಾವನ ಎದುರಿಗೆ ಹೇಳಿದ್ದು ತಪ್ಪಾಯಿತು. ಅಪ್ಪನ ಮುಖ ಬಿಗಿಯಿತು.

"ಒಳಗೆ ಸೋರಿದ್ರೆ ನನ್ನ ಮೂಗಿಗೆ ಬರದೇ ಇರುತ್ತಾ? ನಾಳೆ ಬೆಳಿಗ್ಗೆ ಹೆಡ್ ಬಿಚ್ಚಿ ತೋರಿಸ್ತೀನಿ. ನಾನು ಹೇಳಿದ್ದು ತಪ್ಪಾದ್ರೆ ಮತ್ತೆ ಈ ಗ್ಯಾರೇಜಿಗೆ ಕಾಲಿಡಲ್ಲ."

ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಒಮ್ಮೆ ಸಿಟ್ಟಿನಲ್ಲಿ ಕಾಫಿಗೆ ಸಕ್ಕರೆ ಬೇಡ ಎಂದವನು ಹದಿನೇಳು ವರ್ಷದಿಂದ ಮುಖ ಸಿಂಡರಿಸಿಕೊಂಡು ಸಪ್ಪೆ ಕಾಫಿ ಕುಡಿಯುತ್ತಿದ್ದಾನೆ. ಹಾಗಾಗಿ ಇದು ಬರೀ ಮಾತಲ್ಲ ಎಂದು ನನಗೆ ಗೊತ್ತಿತ್ತು. ಆವತ್ತು ಮನೆಗೆ ಹೋಗುವಾಗ ನನ್ನೊಳಗೆ ಒಂದು ಕಳ್ಳ ಖುಷಿ ಇತ್ತು ಎಂಬುದನ್ನೂ ಹೇಳಿಬಿಡಬೇಕು.

ಮರುದಿನ ಬೆಳಿಗ್ಗೆ ಮಾವ ಕಾರಿನಲ್ಲಿದ್ದ ಫ್ರೇಮಿನ ಡಬ್ಬಿಗಳನ್ನು ಒಯ್ಯಲು ಬಂದ. ಜೊತೆಗೆ ಅವನ ಹೆಂಡತಿ, ನಮ್ಮ ಅತ್ತೆ. ಅಪ್ಪ ಒಳಗಿನ ಕೋಣೆಯಲ್ಲಿ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಕೆಲಸ ಹಿಡಿಯುವ ಮೊದಲು ಅವಕ್ಕೆ ಎಣ್ಣೆ ಒರೆಸುವುದು ಅವನ ಪದ್ಧತಿ. ನಾನು ಡಬ್ಬಿ ಇಳಿಸೋಣವೆಂದು ಕಾರಿನ ಎಡಬದಿಯ ಬಾಗಿಲು ತೆಗೆದೆ. ಹಿಂದಿನ ದಿನದಿಂದ ಮುಚ್ಚಿಟ್ಟಿದ್ದ ಕಾರು. ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಸಿಹಿ, ಅಂದರೆ ಅಂಥಿಂಥ ಸಿಹಿಯಲ್ಲ, ಪಾಕ ಚೆಲ್ಲಿದ ಅಡುಗೆಮನೆಗೆ ಹೋದ ಹಾಗಾಯಿತು.

ಅತ್ತೆ ನನ್ನ ಮುಖ ನೋಡಿದವಳೇ ಗಂಡನ ಕಡೆ ತಿರುಗಿದಳು. ನೋಡಿ, ಇವಳಿಗೂ ಬಂತು ಎಂದಳು. ಮಾವನಿಗೆ ಸಕ್ಕರೆ ಕಾಯಿಲೆ. ಒಂದೂವರೆ ತಿಂಗಳಿಂದ ಕಾರಿನಲ್ಲಿ ಸಿಹಿ ವಾಸನೆ ಬರುತ್ತಿದೆಯಂತೆ. ಇವನು ಕದ್ದು ಸಿಹಿ ತಿನ್ನುತ್ತಿದ್ದಾನೆ ಎಂದು ಅವಳು ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಅವನ ಜೇಬಿನಲ್ಲಿ ಹುಡುಕಿ ಸುಸ್ತಾಗಿದ್ದಾಳಂತೆ. ಮಾವ ಪಾಪ, ತನಗೂ ವಾಸನೆ ಬರುತ್ತಿತ್ತು ಎಂದು ಒಪ್ಪಿಕೊಂಡ. ಹಾಗಾದರೆ ನಮಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಭಾವನೇ ಏನೂ ವಾಸನೆ ಇಲ್ಲ ಅಂದ್ರಲ್ಲಮ್ಮ. ಅವರಿಗೇ ಬರದ ವಾಸನೆ ನನಗೆಲ್ಲಿಂದ ಬರುತ್ತೆ? ನನ್ನ ಮೂಗಿಗೇ ಏನೋ ಆಗಿದೆ ಅಂದ್ಕೊಂಡೆ."

ಅಷ್ಟೇ ಅಲ್ಲ. ಮುಂದಿನ ಗಾಜಿನ ಒಳಬದಿ ದಿನಾ ಮಂಜು ಮಂಜಾಗುತ್ತಿತ್ತಂತೆ, ಒರೆಸಿದರೆ ಜಿಡ್ಡು ಜಿಡ್ಡು. ಅದಕ್ಕೆ ಈ ಕನ್ನಡಕದ ವ್ಯಾಪಾರಿ ಗಾಜನ್ನು ಅನುಮಾನಿಸದೆ ತನ್ನ ಕಣ್ಣನ್ನೇ ಅನುಮಾನಿಸಿ, ಡಾಕ್ಟರ ಹತ್ತಿರ ಹೋಗಿ ನಂಬರ್ ಬದಲಾಯಿಸಿಕೊಂಡು ಬಂದಿದ್ದ. ಮೂಗಿನ ಮೇಲೆ ಹೊಸ ಕನ್ನಡಕ ಫಳಫಳ ಹೊಳೆಯುತ್ತಿತ್ತು. ಮಾವ ತನ್ನ ಮೂಗು, ಕಣ್ಣು ಎರಡನ್ನೂ ಅನುಮಾನಿಸಿದ, ಅತ್ತೆ ಗಂಡನನ್ನು ಅನುಮಾನಿಸಿದಳು. ಅಪ್ಪನ ಮೂಗನ್ನು ಅನುಮಾನಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಕಾರೊಳಗೆ ಕೂತು ಮೂಸುವುದು ಅಪ್ಪನ ಕೆಲಸ ಎಂದು ಬಿಟ್ಟವಳು, ಮೂರು ಸಲದಲ್ಲಿ ಒಮ್ಮೆಯೂ ಆ ಕಾರಿನೊಳಗೆ ತಲೆ ಹಾಕಿರಲಿಲ್ಲ.

ಡಬ್ಬಿಗಳನ್ನು ಇಳಿಸಿ, ರಬ್ಬರ್ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿದೆ. ಪಚಕ್ ಎಂದು ನೀರು ಮೇಲೆ ಬಂತು. ಬೆರಳಿಗೆ ಅಂಟು, ಬಣ್ಣ ಕೂಲಂಟಿನದೇ ಹಸಿರು. ಹೀಟರ್ ಕಾಯಿಲ್. ಹೆಡ್ ಗ್ಯಾಸ್ಕೆಟ್ಟಿಗೆ ಏನೂ ಆಗಿರಲಿಲ್ಲ. ನಾನು ಹೇಳಿದ್ದೇ ಸರಿ ಎಂದು ಒಂದು ಕ್ಷಣ ಬೀಗಿದೆ. ಮರುಕ್ಷಣವೇ, ಇದೇ ಕಾರಿನಲ್ಲಿ ಅಪ್ಪ ನಿನ್ನೆ ಅರ್ಧ ಗಂಟೆ ಕೂತಿದ್ದ ಎನ್ನುವುದು ನೆನಪಾಯಿತು. ಬೀಗಿದ್ದೆಲ್ಲ ಇಳಿದುಹೋಯಿತು.

ಮಾವನನ್ನೂ ಅತ್ತೆಯನ್ನೂ ಮೂಲೆಯ ಅಂಗಡಿಗೆ ಕಾಫಿ ಕುಡಿಯಲು ಕಳಿಸಿದೆ. ಅಪ್ಪ ಸ್ಪ್ಯಾನರ್ ತಟ್ಟೆ ಹಿಡಿದು ಬಂದ. ಒಂದು ನಿಮಿಷ ಕೂತ್ಕೋ ಎಂದು ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಕೂತು ಕಿಟಕಿ ಬಾಗಿಲೆಲ್ಲ ಮುಚ್ಚಿದೆ. ವಾಸನೆಗೆ ನನಗೆ ತಲೆ ಸುತ್ತಿತು.

"ಏನು ಬರ್ತಿದೆ ಅಪ್ಪ?"

ಅಪ್ಪ ಕಣ್ಣು ಮುಚ್ಚಿದ. ಎದೆ ತುಂಬ ಉಸಿರೆಳೆದುಕೊಂಡ. ಮೂಗಿನ ಹೊಳ್ಳೆಗಳು ಅರಳಿದವು. ಎಲ್ಲ ಶಾಸ್ತ್ರವೂ ಸಾಂಗವಾಗಿ ನಡೆಯಿತು. ಏನಿಲ್ಲ, ಸೀಟಿನ ಬಟ್ಟೆ ಹಳೆಯದಾಗಿದೆ, ಅಷ್ಟೆ ಎಂದ.

ನಾನು ಹಸಿರಾದ ಬೆರಳುಗಳನ್ನು ಅವನ ಮುಂದೆ ಹಿಡಿದೆ. ಅಪ್ಪ ಕಣ್ಣು ಬಿಟ್ಟು ನೋಡಿದ. ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ, ಮತ್ತೆ ದೂರ ಹಿಡಿದ, ಮತ್ತೆ ಹತ್ತಿರ ತಂದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ನನಗೆ ಅಳು ಬಂತು. ಅಳು ಬಂದಾಗ ನನಗೆ ಮೊದಲು ಬರುವುದು ಸಿಟ್ಟು. ಯಾವಾಗಿನಿಂದ, ಯಾಕೆ ಹೇಳಲಿಲ್ಲ ಎಂದು ಜೋರಾಗಿಯೇ ಕೇಳಿದೆ.

ಹೋದ ವರ್ಷ ಜ್ವರ ಬಂದಿತ್ತಲ್ಲ, ಆವಾಗಿನಿಂದ ಎಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದನಂತೆ. ದಿನಾ ಬೆಳಿಗ್ಗೆ ಅಮ್ಮ ಏಳುವ ಮೊದಲು ಕಾಫಿಪುಡಿ ಡಬ್ಬಿಗೆ ಮೂಗು ಹಚ್ಚಿ ನೋಡುತ್ತಿದ್ದನಂತೆ. ಈ ಒಂದು ವರ್ಷ ಕಣ್ಣು, ಕಿವಿ, ಅನುಭವದಲ್ಲಿ ದಬ್ಬಿಕೊಂಡು ಬಂದಿದ್ದ. ಕಾರಿನಿಂದ ಇಳಿದು ಮಾಲೀಕರನ್ನು, ನಿಮಗೇನನ್ನಿಸುತ್ತೆ ಎಂದು ಕೇಳುವುದನ್ನು ಇತ್ತೀಚೆಗೆ ರೂಢಿ ಮಾಡಿಕೊಂಡಿದ್ದ. ವಯಸ್ಸಾದ ಮೇಲೆ ಅಪ್ಪನಿಗೆ ವಿನಯ ಬಂದಿದೆ ಎಂದು ನಾನೂ ಅಮ್ಮನೂ ಮಾತಾಡಿಕೊಂಡು ನಕ್ಕಿದ್ದೆವು. ಮಾವನಿಗೆ ಮಾತ್ರ ಆ ಪ್ರಶ್ನೆ ಕೇಳಿ ಉಪಯೋಗವಿರಲಿಲ್ಲ. ಅವನಿಗೆ ಭಾವನಿಗೆ ಅನ್ನಿಸಿದ್ದೇ ಅನ್ನಿಸುತ್ತಿತ್ತು.

"ನಂಗಾದ್ರೂ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಮೂಗು ಮೇಸ್ತ್ರಿಗೆ ಮೂಗಿಲ್ಲ ಅಂತ ಹೊರಗೆ ಬೋರ್ಡ್ ಹಾಕಿಸ್ಲಾ?"

ಇಬ್ಬರಿಗೂ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಹೀಟರ್ ಕಾಯಿಲನ್ನು ನೀನೇ ಪತ್ತೆ ಮಾಡಿದೆ ಎಂದು ಮಾವನಿಗೆ ಹೇಳುತ್ತೇನೆ, ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದೆ. ಅಪ್ಪ ಒಪ್ಪಲಿಲ್ಲ. ಕಾಫಿ ಕುಡಿದು ಬಂದವರ ಮುಂದೆ ನೇರವಾಗಿ ನಿಂತು, ತಪ್ಪು ನನ್ನದು, ನಿನ್ನ ಮೂಗು ಸರಿಯಾಗಿತ್ತು, ನನ್ನದು ಹೋಗಿ ಒಂದು ವರ್ಷವಾಯಿತು ಎಂದು ಮಾವನಿಗೆ ಹೇಳಿದ. ಮಾವ ಗರಬಡಿದವನ ಹಾಗೆ ನಿಂತ. ಭಾವನ ಮೂಗು ಹೋಗಿದ್ದಕ್ಕಿಂತ, ತನ್ನ ಮೂಗು ಸರಿಯಾಗಿದೆ ಎನ್ನುವುದು ಅವನಿಗೆ ಹೆಚ್ಚು ಗಾಬರಿ ತಂದ ಹಾಗಿತ್ತು.

ಅತ್ತೆ ಮಾತ್ರ, ಅಂದರೆ ಇವರು ಸಿಹಿ ತಿನ್ನುತ್ತಿರಲಿಲ್ಲವೇ ಎಂದು ಪೆಚ್ಚಾಗಿ ಕೇಳಿದಳು. ಹಾಗೆ ಕೇಳುತ್ತಲೇ ಇಳಿಸಿಟ್ಟ ಡಬ್ಬಿಗಳಲ್ಲಿ ಕೈಗೆ ಸಿಕ್ಕ ಒಂದು ಕನ್ನಡಕದ ಪೆಟ್ಟಿಗೆ ತೆರೆದಳು. ಅದರ ತುಂಬ ಚಾಕಲೇಟು. ಇನ್ನೊಂದು ತೆರೆದಳು, ಅದರಲ್ಲೂ ಚಾಕಲೇಟು. ಮಾವ ತನ್ನ ಹೊಸ ಕನ್ನಡಕ ತೆಗೆದು ಒರೆಸತೊಡಗಿದ. ಅಪ್ಪ ಆ ಗಲಾಟೆಗೆ ನಿಲ್ಲಲಿಲ್ಲ. ಎಣ್ಣೆ ಒರೆಸಿದ ಸ್ಪ್ಯಾನರುಗಳನ್ನು ಒಂದೊಂದಾಗಿ ಜಾಗಕ್ಕೆ ಸೇರಿಸಿ, ಕೈ ತೊಳೆದು, ಆಡಿದ ಮಾತಿನಂತೆ ಮನೆಗೆ ನಡೆದುಬಿಟ್ಟ.

ಗ್ಯಾರೇಜು ನನ್ನದಾಯಿತು. ಆರು ವರ್ಷ ಕಾದಿದ್ದು ಇದಕ್ಕೇ. ಆವತ್ತೂ ಮರುದಿನವೂ ಡ್ಯಾಶ್‌ಬೋರ್ಡ್ ಬಿಚ್ಚಿ, ಹೀಟರ್ ಕಾಯಿಲ್ ಬದಲಾಯಿಸಿ, ಕಾರ್ಪೆಟ್ ಬಿಸಿಲಿಗೆ ಹಾಕಿದೆ. ಕೂಲಂಟ್ ತುಂಬಿ, ಗಾಳಿಗುಳ್ಳೆಗಳೆಲ್ಲ ಹೊರಬರುವ ತನಕ ಎಂಜಿನ್ ಓಡಿಸಿದೆ. ಮುಳ್ಳು ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಚೆನ್ನಾಗಿ ಕೆಲಸ ಮಾಡಿದೆ ಎಂದು ಹೇಳಲು ಯಾರೂ ಇರಲಿಲ್ಲ. ಅಪ್ಪನೂ ಹಾಗೆಂದು ಹೇಳಿದವನಲ್ಲ, ಹೂಂ ಅನ್ನುತ್ತಿದ್ದ ಅಷ್ಟೆ. ಆ ಹೂಂ ಇಲ್ಲದೆ ಕೆಲಸ ಮುಗಿದ ಹಾಗೇ ಅನ್ನಿಸಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಮೂರನೆಯ ದಿನ ಹನ್ನೊಂದು ಗಂಟೆಗೆ ಅಮ್ಮ ಫೋನ್ ಮಾಡಿದಳು. ಅಪ್ಪ ಮಿಕ್ಸಿ ಬಿಚ್ಚಿ ಮೇಜಿನ ಮೇಲೆ ಹರಡಿದ್ದಾನೆ, ಕುಕ್ಕರಿನ ಗ್ಯಾಸ್ಕೆಟ್ ಸರಿಯಿಲ್ಲ ಎನ್ನುತ್ತಿದ್ದಾನೆ, ಗ್ಯಾರೇಜಿಗೆ ಹೋಗಿ ಎಂದರೆ ಬಾಯಿ ಬಿಡುತ್ತಿಲ್ಲ, ಅವನನ್ನು ಹೇಗಾದರೂ ಕರೆದುಕೊಂಡು ಹೋಗು ಎಂದಳು. ಅದೇ ಹೊತ್ತಿಗೆ ಬೇಕರಿಯ ಬ್ರೆಡ್ ವ್ಯಾನು ಬಂತು. ಏರು ಹತ್ತುವಾಗ ಸುಟ್ಟ ವಾಸನೆ ಬರುತ್ತದೆ ಎಂದ ಡ್ರೈವರ್. ನಾನು ಸೀದಾ ಬಾನೆಟ್ಟಿಗೆ ಕೈ ಹಾಕಲಿಲ್ಲ. ಒಳಗೆ ಕೂತು, ಕಿಟಕಿ ಏರಿಸಿ, ಉಸಿರೆಳೆದೆ. ಕ್ಲಚ್ ಸುಟ್ಟಿದೆ, ಇದರಲ್ಲಿ ಯೋಚನೆ ಮಾಡಲು ಏನಿಲ್ಲ ಅನ್ನಿಸಿತು. ಆದರೂ ಅಲ್ಲೇ ಕೂತು ಅಪ್ಪನಿಗೆ ಫೋನ್ ಹಚ್ಚಿ, ಇಲ್ಲೊಂದು ವಾಸನೆ ಬರುತ್ತಿದೆ, ಏನೆಂದು ಗೊತ್ತಾಗುತ್ತಿಲ್ಲ ಎಂದು ಆದಷ್ಟು ಪೆದ್ದುಪೆದ್ದಾಗಿ ಹೇಳಿದೆ.

ಅಪ್ಪ ತಕ್ಷಣ ಹಿಡಿದುಬಿಟ್ಟ. ಏರಿನಲ್ಲಿ ಸುಟ್ಟ ವಾಸನೆ ಎಂದರೆ ಕ್ಲಚ್ ಎಂದು ನಿನಗೆ ಗೊತ್ತು, ನಿಮ್ಮಮ್ಮ ಹೇಳಿಕೊಟ್ಟು ಫೋನ್ ಮಾಡಿಸಿದ್ದಾಳೆ, ನಾಟಕ ಸಾಕು ಎಂದ. ಇನ್ನೇನು ಇಟ್ಟುಬಿಡುತ್ತಾನೆ ಅನ್ನುವಾಗ ನಾನು ಬಾಯಿಗೆ ಬಂದದ್ದನ್ನು ಕೇಳಿದೆ. ಕ್ಲಚ್ ಸುಟ್ಟರೂ ಬ್ರೇಕ್ ಸುಟ್ಟರೂ ನನಗೆ ಒಂದೇ ಥರ ವಾಸನೆ ಬರುತ್ತದೆ, ನೀನು ಹೇಗೆ ಬೇರೆ ಮಾಡುತ್ತಿದ್ದೆ ಎಂದೆ. ಇದು ನಾಟಕವಾಗಿರಲಿಲ್ಲ. ಇಷ್ಟು ವರ್ಷ ನಾನು ಎರಡನ್ನೂ ಬಿಚ್ಚಿ ಕಣ್ಣಲ್ಲೇ ನೋಡುತ್ತಿದ್ದೆ.

ಅಪ್ಪನ ದನಿ ಬದಲಾಯಿತು. ವಾಸನೆ ಮೂಗಿನ ತುದಿಯಲ್ಲಿದೆಯೋ ಗಂಟಲಲ್ಲಿ ಕೂತಿದೆಯೋ ಎಂದು ಕೇಳಿದ. ಕ್ಲಚ್ ಆದರೆ ಹಳೆಯ ಪೇಪರ್ ಸುಟ್ಟ ಹಾಗೆ ಒಣ ವಾಸನೆ, ಬ್ರೇಕ್ ಆದರೆ ಗಂಟಲು ಕೆರೆಯುತ್ತದೆ ಎಂದ. ಉಸಿರೆಳೆದು ನೋಡಿದೆ. ಗಂಟಲಲ್ಲಿತ್ತು. ಕೆಮ್ಮು ಬಂತು. ಮುಂದಿನಿಂದ ಬರುತ್ತಿದೆಯೋ ಹಿಂದಿನಿಂದಲೋ ಎಂದ. ತಲೆ ತಿರುಗಿಸಿ ಮೂಸಿದೆ, ಹಿಂದಿನಿಂದ. ಸಮ ರಸ್ತೆಯಲ್ಲೂ ಬರುತ್ತದೆಯೋ ಕೇಳು ಎಂದ. ಹೌದು, ಈಗ ನೆನಪಾಯಿತು, ಬರುತ್ತದೆ ಎಂದ ಡ್ರೈವರ್. ಇಳಿದು ಹಿಂದಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡು ಎಂದ ಅಪ್ಪ. ಹಿಡಿದೆ. ಬಲಗಡೆಯದು ತಣ್ಣಗಿತ್ತು, ಎಡಗಡೆಯದರ ಹತ್ತಿರ ಕೈ ಇಡಲಾಗಲಿಲ್ಲ. ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು ಆ ಚಕ್ರ. ನಾನೊಬ್ಬಳೇ ಇದ್ದಿದ್ದರೆ ಒಳ್ಳೆಯ ಕ್ಲಚ್ಚನ್ನು ಬಿಚ್ಚಿ ನೆಲಕ್ಕೆ ಹಾಕಿರುತ್ತಿದ್ದೆ.

ನಾಚಿಕೆಯಿಂದ ಮತ್ತೆ ವ್ಯಾನಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡೆ. ನಾನೂ ಕ್ಲಚ್ ಅಂತಲೇ ಅಂದ್ಕೊಂಡಿದ್ದೆ ಅಪ್ಪ ಎಂದೆ. ನಾನೂ ಹಾಗೇ ಅಂದೆನಲ್ಲ ಎಂದ. ಆಮೇಲೆ ಹೇಳಿದ.

"ನಲವತ್ತು ವರ್ಷದಿಂದ ಎಲ್ರೂ ಏನು ವಾಸನೆ ಅಂತ ಕೇಳಿದ್ರು. ಹೇಗೆ ಗೊತ್ತಾಗುತ್ತೆ ಅಂತ ಒಬ್ರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಅವನು ಯಾವಾಗ ಮನೆಯಲ್ಲಿ ಕೂರುತ್ತಾನೋ ಎಂದು ದಿನಕ್ಕೆರಡು ಸಲ ಅಂದುಕೊಂಡವಳಿಗೆ ಒಮ್ಮೆಯೂ ಹಾಗೆ ಕೇಳಬೇಕು ಅನ್ನಿಸಿರಲಿಲ್ಲ.

"ಈಗ ಕೇಳ್ತಿದೀನಿ ಅಪ್ಪ," ಎಂದೆ.

ಫೋನಿನಲ್ಲಿ ಮಿಕ್ಸಿಯ ಯಾವುದೋ ತಿರುಪು ಮೇಜಿನಿಂದ ಬಿದ್ದು ಉರುಳಿದ್ದು ಕೇಳಿಸಿತು. ಅಮ್ಮ ಏನೋ ಕೂಗಿದಳು.

"ವ್ಯಾನಿನ ಕಿಟಕಿ ತೆಗೀಬೇಡ," ಎಂದ. "ಬರ್ತಿದೀನಿ."